ಚಿಕಾನೊ ಕಾಮಿಡಿ ತಂಡದಲ್ಲಿ ನನಗೇನು ಕೆಲಸ?

"ನೀನು ಮೈಸೂರಿನವನು, ಆ ಚಿಕಾನೊ ಕಾಮಿಡಿ ತಂಡದಲ್ಲಿ ನಿನಗೇನಪ್ಪಾ ಕೆಲಸ?" ಫೋನಿನಲ್ಲಿ, ಮದುವೆಮನೆಯಲ್ಲಿ, ಊಟದ ಸಾಲಿನಲ್ಲಿ ಕೇಳಿಸಿಕೊಂಡು ಸಾಕಾಗಿದೆ. (ಚಿಕಾನೊ ಅಂದರೆ ಅಮೆರಿಕದಲ್ಲಿರುವ ಮೆಕ್ಸಿಕನ್ ಮೂಲದವರು.) ಇಲ್ಲಿ ಬರೆದಿಡುತ್ತೇನೆ. ಇನ್ನು ಕೇಳಿದವರಿಗೆ ಲಿಂಕ್ ಕಳಿಸುವುದಷ್ಟೇ.

ನನ್ನ ಕೆಲಸ ಸೌಂಡ್. ಬೂಮ್ ಮೈಕ್, ಅಂದರೆ ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕ್, ಹಿಡಿದು ನಿಲ್ಲುವುದು. ಮುಗೀತು.

ಇಷ್ಟಕ್ಕೆ ಯಾರೂ ಸುಮ್ಮನಾಗುವುದಿಲ್ಲ, ಗೊತ್ತು. ಲಾಸ್ ಏಂಜಲೀಸ್‌ನಲ್ಲಿ ಸಿನಿಮಾ ಓದುತ್ತಿದ್ದೇನೆ. ನನ್ನ ಕ್ಲಾಸಿನ ಕೆಲವರು ಸೇರಿ ಕಾಮಿಡಿ ಸಿನಿಮಾ ಮಾಡುವ ತಂಡ ಕಟ್ಟಿದರು. ಮೆಕ್ಸಿಕನ್ ಮೂಲದ ಮನೆಯವರು, ಇಲ್ಲೇ ಹುಟ್ಟಿ ಬೆಳೆದವರು, ತಮ್ಮನ್ನು ಚಿಕಾನೊ ಅಂತಲೇ ಕರೆದುಕೊಳ್ಳುತ್ತಾರೆ. ಅವರು ಏನೇ ಬರೆದರೂ ಅದರಲ್ಲಿ ಗಡಿ, ಗ್ಯಾಂಗು, ಅಳುವ ತಾಯಿ ಎಲ್ಲಿ ಅಂತ ಹುಡುಕುವವರೇ ಜಾಸ್ತಿ. ಇವರಿಗೋ ನಗಿಸುವ ಆಸೆ. ಸೌಂಡಿಗೆ ಮಾತ್ರ ಯಾರೂ ಸಿಗಲಿಲ್ಲ. ಫಿಲ್ಮ್ ಸ್ಕೂಲಿನಲ್ಲಿ ಎಲ್ಲರಿಗೂ ಡೈರೆಕ್ಟರೇ ಆಗಬೇಕಲ್ಲ. ನಾನು ಸಿಕ್ಕಿದೆ.

ಪ್ರಶ್ನೆಗಿಂತ ಅದನ್ನು ಕೇಳುವ ಧಾಟಿ ನನಗೆ ಸಿಟ್ಟು ತರಿಸುತ್ತದೆ. ಇಲ್ಲಿನ ಕನ್ನಡ ಸಂಘದ ಯುಗಾದಿ ಊಟದಲ್ಲಿ ಒಬ್ಬ ಅಂಕಲ್ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಹೊರಗಿನಿಂದ ಬಂದವರು, ಈಗ ಸಿನಿಮಾ ಬೇರೆ ಮಾಡ್ತಾರಾ?" ಅಂದರು.

"ನೀವು ಯಾವಾಗ ಬಂದ್ರಿ ಅಂಕಲ್?"

"ನಾನಾ? 98ರಲ್ಲಿ."

"1848ರವರೆಗೆ ಕ್ಯಾಲಿಫೋರ್ನಿಯಾ ಮೆಕ್ಸಿಕೋದ್ದೇ ಆಗಿತ್ತು. ಯುದ್ಧದಲ್ಲಿ ಅಮೆರಿಕ ಗೆದ್ದು ಗಡಿಯನ್ನು ಕೆಳಕ್ಕೆ ತಳ್ಳಿತು. ಜನ ಇದ್ದಲ್ಲೇ ಇದ್ದರು, ದೇಶ ಬದಲಾಯಿತು."

"ಹೌದಾ? ಇನ್ನೊಂದು ಹೋಳಿಗೆ ಹಾಕಿಸ್ಕೋ" ಅಂದರು. ಬಹಳಷ್ಟು ಚಿಕಾನೊ ಮನೆಯವರು 1848ರ ಆಮೇಲೆ ಬಂದವರೇ. ಅದನ್ನು ಅಂಕಲ್‌ಗೆ ಹೇಳಲು ಹೋಗಲಿಲ್ಲ. ಬೇಕಾದರೆ ಓದಿಕೊಳ್ಳಲಿ.

ಇನ್ನು ಕೆಲವರದು ಮರುಕದ ದನಿ. "ಪಾಪ, ಅವರಿಗೇ ಅಷ್ಟು ಕಷ್ಟ ಇದೆ, ಕಾಮಿಡಿ ಯಾಕೆ?" ಕಷ್ಟ ಇದ್ದವರು ನಗಬಾರದು ಅಂತ ಯಾರು ಹೇಳಿದ್ದು? 1965ರಲ್ಲಿ ಕ್ಯಾಲಿಫೋರ್ನಿಯಾದ ಡೆಲಾನೊದಲ್ಲಿ ದ್ರಾಕ್ಷಿ ತೋಟದ ಕೂಲಿಗಳು ಮುಷ್ಕರ ಹೂಡಿದಾಗ ಚಿಕಾನೊ ನಾಟಕಕಾರ ಲೂಯಿಸ್ ವಾಲ್ಡೆಜ್ 'ಎಲ್ ಟಿಯಾಟ್ರೊ ಕ್ಯಾಂಪೆಸಿನೊ' ಅನ್ನುವ ನಾಟಕ ತಂಡ ಕಟ್ಟಿದರು. ಲಾರಿಯೇ ರಂಗಮಂಚ, ಕೂಲಿಗಳೇ ನಟರು. ಯಾವ ಪಾತ್ರ ಅಂತ ತಿಳಿಯಲು ಕೊರಳಿಗೊಂದು ಬೋರ್ಡು. ಮಾಲೀಕನ ಮುಖಕ್ಕೆ ಹಂದಿಯ ಮುಖವಾಡ. ನಮ್ಮ ಬೀದಿನಾಟಕ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾ? 1987ರಲ್ಲಿ ಚಿಕಾನೊ ಹಾಸ್ಯನಟ ಚೀಚ್ ಮರೀನ್ ತಾವೇ ಬರೆದು, ನಿರ್ದೇಶಿಸಿ, ನಟಿಸಿದ ಸಿನಿಮಾದಲ್ಲಿ ಲಾಸ್ ಏಂಜಲೀಸ್‌ನಲ್ಲೇ ಹುಟ್ಟಿದ ಒಬ್ಬನನ್ನು ಹಿಡಿದು ಮೆಕ್ಸಿಕೋಗೆ ಅಟ್ಟುತ್ತಾರೆ. ಅವನಿಗೆ ಸ್ಪ್ಯಾನಿಶ್ ಕೂಡ ನೆಟ್ಟಗೆ ಬರುವುದಿಲ್ಲ. ಅದು ಕಾಮಿಡಿ ಸಿನಿಮಾನೇ.

ನಮ್ಮ ತಂಡದವರು ಜಾಸ್ತಿ ನೆನೆಯುವುದು ಮಾತ್ರ ಆಸ್ಕೋ ಅನ್ನುವ ಚಿಕಾನೊ ಕಲಾವಿದರ ಗುಂಪನ್ನು. 1970ರ ದಶಕದ ಈಸ್ಟ್ ಲಾಸ್ ಏಂಜಲೀಸ್‌ನ ಹುಡುಗ ಹುಡುಗಿಯರು. ಸಿನಿಮಾ ಮಾಡಲು ದುಡ್ಡಿಲ್ಲ. ಹಾಗಾಗಿ ಸಿನಿಮಾ ಮಾಡದೆಯೇ ಅದರ ಸ್ಟಿಲ್ ಫೋಟೋ ಮಾತ್ರ ತೆಗೆದು ಊರೆಲ್ಲ ಹಂಚಿದರು! ಹೆಸರು 'ನೋ ಮೂವೀಸ್'. ಚಿಕಾನೊಗಳು ಕಲೆ ಮಾಡುವುದಿಲ್ಲ ಅನ್ನುವ ಮಾತು ಲಾಸ್ ಏಂಜಲೀಸ್‌ನ ದೊಡ್ಡ ಮ್ಯೂಸಿಯಂನಿಂದ ಬಂದಾಗ, 1972ರಲ್ಲಿ, ಅದೇ ಮ್ಯೂಸಿಯಂ ಗೋಡೆಗೆ ತಮ್ಮ ಹೆಸರುಗಳನ್ನು ಸ್ಪ್ರೇ ಮಾಡಿ ಬಂದರು. ಕಲಾಕೃತಿಗೆ ಸಹಿ ಹಾಕಿದ ಹಾಗೆ, ಇಡೀ ಕಟ್ಟಡಕ್ಕೇ.

ಯಾರಾದರೂ ಒಮ್ಮೆ "ಯಾವ ಜೋಕ್ ಕಿತ್ತು ಹಾಕಿದ್ರಿ?" ಅಂತ ಕೇಳಬಾರದಾ? ತಂಡ ಅಂದರೆ ಏನು ಅಂತ ಗೊತ್ತಾಗುವುದು ಅಲ್ಲೇ. ನಾವು ಕಿತ್ತದ್ದು ಅಜ್ಜಿ ಚಪ್ಪಲಿ ಎಸೆಯುವ ಜೋಕ್. ಇಲ್ಲಿ ಅದು ಅರೆದು ಅರೆದು ಸವೆದು ಹೋಗಿದೆ. ಆದರೂ ಬರೆದವನು ಬಿಡಲೊಲ್ಲ. "ಜನ ನಗ್ತಾರೆ" ಅಂತ ಒಂದೇ ಹಟ. ರಾತ್ರಿಯೆಲ್ಲ ಜಗಳ. ಕೊನೆಗೆ ಎಡಿಟ್ ಮಾಡುವ ಹುಡುಗಿ ಹೇಳಿದಳು: "ನಮ್ಮಜ್ಜಿ ದಿನವಿಡೀ ನಿಂಬೆಹಣ್ಣು ಪ್ಯಾಕ್ ಮಾಡಿ ಬರ್ತಿದ್ದಳು. ಬಂದವಳೇ ಚಪ್ಪಲಿ ಬಿಟ್ಟರೆ ಮತ್ತೆ ಎತ್ತೋಕೂ ಶಕ್ತಿ ಇರ್ತಿರಲಿಲ್ಲ."

ಈಗ ನಮ್ಮ ಕಥೆಯ ಅಜ್ಜಿ ಮೊಮ್ಮಗನ ಸಿನಿಮಾಕ್ಕೆ ದುಡ್ಡು ಹಾಕಿದ ಪ್ರೊಡ್ಯೂಸರ್. ಪ್ರತಿ ಶಾಟ್ ಮಧ್ಯೆ ಬಂದು "ಬಿಲ್ ಎಲ್ಲಿ?" ಅನ್ನುತ್ತಾಳೆ. ಮೊದಲ ಟೇಕಿನಲ್ಲಿ ಕ್ಯಾಮೆರಾ ಹಿಡಿದವನೇ ಗೊಳ್ಳೆಂದು ನಕ್ಕ. ಅಜ್ಜಿಯ ಮಾತಿನ ಮೇಲೆ ಅವನ ನಗು ಕೂತಿತು, ಟೇಕ್ ಹಾಳು. ಹೆಡ್‌ಫೋನಿನಲ್ಲಿ ಅದನ್ನು ಹಿಡಿದು "ಕಟ್, ಇನ್ನೊಂದು ಸಲ" ಅಂದವನು ನಾನು. ನೋಡಿ, ನನಗಲ್ಲಿ ಇರುವ ಕೆಲಸ ಇದೇ.

ಇಷ್ಟು ಓದಿದ ಮೇಲೂ ಕೇಳಲೇಬೇಕು ಅನ್ನಿಸಿದವರು ಕೇಳಿ. ಆದರೆ ಫ್ರಿಜ್ ಸದ್ದು ಮಾಡದ ಒಂದು ಅಡುಗೆಮನೆ ಶನಿವಾರದ ಶೂಟಿಂಗಿಗೆ ಬೇಕಾಗಿದೆ. ಮೊದಲು ಅದನ್ನು ಕೊಡಿ.