ಆರ್ಬಿಟಲ್ ಅಭ್ಯಾಸ: ಕಂದು ಆಲ್ಬಮ್ ಮುಗೀತು

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ಫಿಲ್ ಮತ್ತು ಪಾಲ್ ಹಾರ್ಟ್‌ನಾಲ್ ಎಂಬ ಇಂಗ್ಲಿಷ್ ಅಣ್ಣತಮ್ಮಂದಿರ ‘ಆರ್ಬಿಟಲ್’ ಎಲೆಕ್ಟ್ರಾನಿಕ್ ಸಂಗೀತ ಜೋಡಿಯ ಆಲ್ಬಮ್‌ಗಳನ್ನು ಬಂದ ಕ್ರಮದಲ್ಲೇ ಕೇಳುತ್ತ, ಒಂದೊಂದರಿಂದ ಒಂದು ಕೈಚಳಕ ಆರಿಸಿಕೊಂಡು ಲ್ಯಾಪ್‌ಟಾಪಿನಲ್ಲಿ ಕಟ್ಟಿ ನೋಡುತ್ತಿದ್ದೇನೆ. ಹಾಡಿನ ನಕಲು ಬೇಡ, ಕೆಲಸದ ರೀತಿ ಸಿಕ್ಕರೆ ಸಾಕು.

ಹಸಿರು ಆಲ್ಬಮ್ (1991)

ಹಸಿರು, ಕಂದು ಎನ್ನುವುದು ಹೊದಿಕೆಯ ಬಣ್ಣದಿಂದ ಬಂದ ಅಡ್ಡಹೆಸರು. ಇದು ಬೇಗ ಮುಗಿಯಿತು. ‘ಚೈಮ್’ ಮಾತ್ರ ತುಂಬ ಹೊತ್ತು ಹಿಡಿದಿಟ್ಟುಕೊಂಡಿತು. 1989ರಲ್ಲಿ ಕೆಂಟ್‌ನ ಮನೆಯಲ್ಲಿ, ಅಪ್ಪನ ಕ್ಯಾಸೆಟ್ ಡೆಕ್ಕಿಗೆ ರೆಕಾರ್ಡ್ ಮಾಡಿದ ಹಾಡು ಅದು. ಮರುವರ್ಷ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 17ನೇ ಸ್ಥಾನಕ್ಕೇರಿತು. ಬಿಬಿಸಿ ಟೀವಿಯ ಸಂಗೀತ ಕಾರ್ಯಕ್ರಮ ‘ಟಾಪ್ ಆಫ್ ದಿ ಪಾಪ್ಸ್’ಗೆ ಕರೆ ಬಂದಾಗ ಇಬ್ಬರೂ ಪೋಲ್ ಟ್ಯಾಕ್ಸ್ (ತಲೆಗಂದಾಯ) ವಿರೋಧಿ ಟೀ ಶರ್ಟ್ ಹಾಕಿಕೊಂಡು ಹೋಗಿ ನಿಂತರು. ಜೋಡಿಯ ಹೆಸರು ಬಂದದ್ದು ಲಂಡನ್ನಿನ ಸುತ್ತ ಹಾಯುವ ಎಂ25 ಹೆದ್ದಾರಿಯಿಂದ, ‘ಲಂಡನ್ ಆರ್ಬಿಟಲ್’ ಅಂತಲೂ ಅದನ್ನು ಕರೆಯುತ್ತಾರೆ. ಆಗಿನ ರೇವ್ ಪಾರ್ಟಿಗಳಿಗೆ ಜನ ಕಾರು ಹತ್ತಿ ಹೊರಡುತ್ತಿದ್ದುದು ಆ ರಸ್ತೆಯಲ್ಲೇ.

ಕಂದು ಆಲ್ಬಮ್ (1993)

ನನ್ನ ಬಹುಪಾಲು ಸಮಯ ಹೋದದ್ದು ಇಲ್ಲಿ. ಮೊದಲ ಟ್ರ್ಯಾಕ್‌ನಲ್ಲಿ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಪಾತ್ರವೊಂದರ ಮಾತಿನ ತುಣುಕು ಬಿಟ್ಟರೆ ಬೇರೇನೂ ಇಲ್ಲ. ಒಂದೇ ತುಣುಕಿನ ಎರಡು ಪ್ರತಿಗಳು ಒಟ್ಟಿಗೆ ಹೊರಟು ಮೆಲ್ಲಗೆ ತಾಳ ತಪ್ಪುತ್ತ ಹೋಗುತ್ತವೆ. ಅಮೆರಿಕದ ಸಂಗೀತ ರಚನಕಾರ ಸ್ಟೀವ್ ರೈಕ್ 1960ರ ದಶಕದಲ್ಲಿ ಟೇಪಿನಲ್ಲಿ ಮಾಡಿದ್ದ ಪ್ರಯೋಗವೇ ಇದು. ಇದೇ ಮಾತು ಹಸಿರು ಆಲ್ಬಮ್ಮಿನ ಶುರುವಿನಲ್ಲೂ ಇದೆ. ಹೊಸದನ್ನು ಕೊಂಡವನು ‘ಅಯ್ಯೋ, ಹಳೇದೇ ಬಂತಲ್ಲ’ ಅಂದುಕೊಳ್ಳಬೇಕು, ಅಂಥ ಕೀಟಲೆ.

ನಾನು ‘ಮತ್ತೆ ಅದೇ’ ಎಂದು ನನ್ನದೇ ದನಿಯಲ್ಲಿ ರೆಕಾರ್ಡ್ ಮಾಡಿ, ಒಂದು ಪ್ರತಿಯನ್ನು 2 ಸೆಕೆಂಡಿಗೆ, ಇನ್ನೊಂದನ್ನು 2.02 ಸೆಕೆಂಡಿಗೆ ಕತ್ತರಿಸಿ ಸುತ್ತು ಹಾಕಿದೆ. ಮೊದಲ ಸುತ್ತುಗಳಲ್ಲಿ ದನಿ ದಪ್ಪಗಾದಂತೆ ಕೇಳುತ್ತದೆ, ಅಷ್ಟೇ. ಆಮೇಲೆ ಮಾರ್ದನಿ. ಇನ್ನೂ ಮುಂದೆ ಹೋದರೆ ಅರ್ಥವೇ ಕಳಚಿಬಿದ್ದು ‘ತ್ತೆ’ಗಳೆಲ್ಲ ಡ್ರಮ್ಮಿನ ಪೆಟ್ಟುಗಳಾಗುತ್ತವೆ! ನಿಧಾನದ ಪ್ರತಿ ನೂರು ಸುತ್ತು ಮುಗಿಸುವಷ್ಟರಲ್ಲಿ, ಅಂದರೆ ಸುಮಾರು 3 ನಿಮಿಷ 20 ಸೆಕೆಂಡಿಗೆ, ಎರಡೂ ಮತ್ತೆ ಕೂಡಿಕೊಳ್ಳುತ್ತವೆ. ಅಂತರವನ್ನು 0.05ಕ್ಕೆ ಏರಿಸಿಯೂ ನೋಡಿದೆ. ಬೇಗ ಬೇಗ ಜಾರುತ್ತದೆ, ಕೇಳುವುದಕ್ಕೆ ಮಜಾ ಇಲ್ಲ. 0.02ಕ್ಕೇ ನಿಂತಿದ್ದೇನೆ.

ಕೊನೆಯದಕ್ಕಿಂತ ಮೊದಲು ಬರುವ ‘ಹ್ಯಾಲ್ಸಿಯನ್’ ಅನ್ನು ಮುಟ್ಟಲಿಲ್ಲ. ನಿದ್ದೆ ಮಾತ್ರೆಯ ಚಟಕ್ಕೆ ಸಿಕ್ಕಿದ್ದ ತಾಯಿಗೆ ಮಕ್ಕಳು ಅರ್ಪಿಸಿದ ಹಾಡದು. ನನಗೆ ಅವರ ಅತ್ಯುತ್ತಮ ಕೆಲಸವೂ ಅದೇ.

ಎಂಟು ಗುಂಡಿಗಳು

ಅವರ ಆಲ್ಬಮ್‌ಗಳಿಗಿಂತ ವೇದಿಕೆಯ ಕೆಲಸವೇ ದೊಡ್ಡದು ಎಂದು ಈಗ ಅನ್ನಿಸತೊಡಗಿದೆ. ಟೇಪ್ ಹಾಕಿ ಕೈ ಆಡಿಸುವವರೇ ಹೆಚ್ಚಿದ್ದ ಕಾಲದಲ್ಲಿ ಇವರು ಅಲೆಸಿಸ್ ಎಂಎಂಟಿ-8 ಎಂಬ, ಸ್ವರ-ತಾಳಗಳ ಕ್ರಮವನ್ನು ನೆನಪಿಟ್ಟು ನುಡಿಸುವ ಸೀಕ್ವೆನ್ಸರ್‌ಗಳನ್ನು ಹೊತ್ತುಕೊಂಡು ಹೋಗುತ್ತಿದ್ದರು. ಎಂಟು ಟ್ರ್ಯಾಕ್, ಟ್ರ್ಯಾಕಿಗೊಂದು ಗುಂಡಿ. ಒತ್ತಿದರೆ ಆ ಭಾಗ ನಿಲ್ಲುತ್ತದೆ, ಮತ್ತೆ ಒತ್ತಿದರೆ ಸೇರಿಕೊಳ್ಳುತ್ತದೆ. ಹಾಡು ಎಷ್ಟು ಬೆಳೆಯಬೇಕು ಎಂಬುದು ಅಲ್ಲೇ, ಜನರ ಮುಂದೆಯೇ ತೀರ್ಮಾನವಾಗುತ್ತಿತ್ತು. ಟಾರ್ಚ್ ಹಚ್ಚಿದ ಕನ್ನಡಕವೂ ಬರೀ ಶೋಕಿಯಲ್ಲ, ಕತ್ತಲಲ್ಲಿ ಗುಂಡಿ ಕಾಣಬೇಕಲ್ಲ! 1994ರ ಸಂಗೀತೋತ್ಸವ ಗ್ಲಾಸ್ಟನ್‌ಬರಿಯಲ್ಲಿ ಇವರು ನುಡಿಸಿದ್ದನ್ನು ಇಂಗ್ಲೆಂಡಿನವರು ಈಗಲೂ ನೆನೆಯುತ್ತಾರೆ.

ನನ್ನ ಮಿಡಿ ಪ್ಯಾಡಿನ ಎಂಟು ಗುಂಡಿಗಳಿಗೂ ಹಾಗೇ ಒಂದೊಂದು ಭಾಗ ಕೊಟ್ಟಿದ್ದೇನೆ: ಕಿಕ್, ಹೈ-ಹ್ಯಾಟ್, ಬೇಸ್, ಎರಡು ಸಿಂಥ್, ಎರಡು ದನಿ, ಒಂದು ಗದ್ದಲ. ಕಿಕ್ ತೆಗೆದು ಎಂಟು ಬಾರ್ (ತಾಳದ ಆವರ್ತ) ಕಾಯುವುದಿದೆಯಲ್ಲ, ಅದೇ ಕಷ್ಟ. ನಾಲ್ಕನೇ ಬಾರ್ ಬರುವಷ್ಟರಲ್ಲೇ ಬೆರಳು ತುರಿಸುತ್ತದೆ.

ಮುಂದೆ

‘ಸ್ನಿವಿಲೈಸೇಷನ್’ (1994). ‘ಪುನರಾವರ್ತಿತ ಲಯ’ದ ಸಂಗೀತವನ್ನು ಹೆಸರಿಸಿಯೇ ಬ್ರಿಟಿಷ್ ಸಂಸತ್ತು ರೇವ್‌ಗಳಿಗೆ ಕಡಿವಾಣ ಹಾಕಿದ ವರ್ಷ ಅದು. ಉತ್ತರವಾಗಿ ಇವರು ಒಂದು ಸಿಂಗಲ್‌ನಲ್ಲಿ ಕೆಲವು ನಿಮಿಷಗಳ ಬರೀ ಮೌನವನ್ನೇ ಒಂದು ಮಿಕ್ಸ್ ಎಂದು ಸೇರಿಸಿದರು. ಅದನ್ನು ಕಟ್ಟುವುದು ಸುಲಭ, ಹಾಗಾಗಿ ಬಿಟ್ಟುಬಿಡುತ್ತೇನೆ. 1996ರ ‘ದಿ ಬಾಕ್ಸ್’ 28 ನಿಮಿಷದ ಸಿಂಗಲ್, ಅದಕ್ಕೆ ಬಿಡುವು ಬೇಕು. 2004ರಲ್ಲಿ ಬೇರೆಯಾಗಿ, 2009ರಲ್ಲಿ ಕೂಡಿ, 2014ರಲ್ಲಿ ಮತ್ತೆ ಬಿಟ್ಟು, 2017ರಲ್ಲಿ ಮತ್ತೆ ಸೇರಿದ ಕತೆಯನ್ನು ಆಯಾ ಆಲ್ಬಮ್ ಬಂದಾಗ ನೋಡೋಣ. ಅಷ್ಟರಲ್ಲಿ ಪ್ಯಾಡಿನ ಏಳನೇ ಗುಂಡಿ ಬದಲಾಯಿಸಬೇಕು, ಒಮ್ಮೆ ಒತ್ತಿದರೆ ಎರಡು ಸಲ ಹೊಡೆಯುತ್ತಿದೆ.