ಕಾರಿನ ಹಿಂದೆ ದೋಣಿ ಕಟ್ಟುವ ಮುಂಚೆ ಬಾಗಿಲು ತೆರೆದು ನೋಡಿ

ಅಮೆರಿಕದ ಮಿನ್ನೆಸೋಟಾದಲ್ಲಿ ಬೇಸಿಗೆ ಶುರುವಾದರೆ ಶುಕ್ರವಾರ ಸಂಜೆ ಹೈವೇ ತುಂಬ ಕಾರಿನ ಹಿಂದೆ ಟ್ರೇಲರ್ ಮೇಲೆ ಕೂತ ದೋಣಿಗಳೇ. ಹೋದ ಜುಲೈನಲ್ಲಿ ನಾವೂ ಗೆಳೆಯನ 18 ಅಡಿಯ ದೋಣಿ ಕೇಳಿ ತಂದು ಮಿಲ್ ಲ್ಯಾಕ್ಸ್ ಸರೋವರಕ್ಕೆ ಹೊರಟೆವು. ನಾವಿಬ್ಬರು, ಮಕ್ಕಳಿಬ್ಬರು, ಊರಿಂದ ಬಂದಿದ್ದ ಅಪ್ಪ ಅಮ್ಮ. ಗಾಡಿ ಟೊಯೋಟಾ ಹೈಲ್ಯಾಂಡರ್ ವಿ6, ಎಳೆಯುವ ಮಿತಿ 5,000 ಪೌಂಡ್. ದೋಣಿ, ಟ್ರೇಲರ್, ಮೋಟಾರ್, ಪೆಟ್ರೋಲ್ ಎಲ್ಲ ಸೇರಿ 3,400. ಇನ್ನೇನು ಬೇಕು ಅಂದುಕೊಂಡೆ.

ಕಾರಲ್ಲಿ ಜಾಗ ಇಲ್ಲ ಅಂತ ಬ್ಯಾಗು, ಐಸ್ ಪೆಟ್ಟಿಗೆ, ನೀರಿನ ಕ್ಯಾನ್ ಎಲ್ಲ ದೋಣಿಯ ಹಿಂಭಾಗಕ್ಕೆ ಹಾಕಿದ್ದೆ. ತಪ್ಪಾಗಿದ್ದು ಅಲ್ಲೇ. ಹೈವೇ 169ರಲ್ಲಿ ಒಂದು ಇಳಿಜಾರು, ಸ್ಪೀಡು ಗಂಟೆಗೆ 65 ಮೈಲಿ, ಇದ್ದಕ್ಕಿದ್ದಂತೆ ಟ್ರೇಲರ್ ಎಡಕ್ಕೆ ಬಲಕ್ಕೆ ತೂಗಾಡಲು ಶುರು, ಅದರ ಜೊತೆ ಕಾರಿನ ಹಿಂಭಾಗವೂ. ಕೈ ನಡುಗಿತು. ಬ್ರೇಕ್ ಜೋರಾಗಿ ಒತ್ತಲಿಲ್ಲ, ಅದೇ ಪುಣ್ಯ. ಕಾಲು ಆಕ್ಸಿಲರೇಟರ್‌ನಿಂದ ತೆಗೆದು, ಸ್ಟೀರಿಂಗ್ ನೇರ ಹಿಡಿದು, ವೇಗ ತಾನಾಗಿ ಇಳಿಯಲು ಬಿಟ್ಟೆ. ಇಂಥ ಹೊತ್ತಲ್ಲಿ ಮಾಡಬೇಕಾದ್ದು ಅಷ್ಟೇ. ತೂಗಾಟದ ವಿರುದ್ಧ ಸ್ಟೀರಿಂಗ್ ತಿರುಗಿಸಲು ಹೋದರೆ ಅದು ಇನ್ನೂ ಹೆಚ್ಚುತ್ತದೆ.

ಪಕ್ಕಕ್ಕೆ ನಿಲ್ಲಿಸಿದಾಗ ಅಪ್ಪ ಇಳಿದು ಒಂದು ಸುತ್ತು ನೋಡಿ, "ಹಿಂಭಾರ ಆಗಿದೆ ಕಣೋ, ಮೂಕಿ ಮೇಲೆ ಭಾರಾನೇ ಇಲ್ಲ" ಅಂದರು. ಎತ್ತಿನ ಗಾಡಿ ಹೊಡೆದವರು. ಹಿಂದೆ ಜಾಸ್ತಿ ಹೇರಿದರೆ ನೊಗ ಮೇಲೆದ್ದು ಎತ್ತಿನ ಕೊರಳಿಗೆ ಬರುತ್ತದೆ ಅಂತ ಅವರಿಗೆ ಚಿಕ್ಕಂದಿನಿಂದ ಗೊತ್ತು. ಮೂಕಿ ಮೇಲಿನ ಆ ಭಾರವನ್ನೇ ಇಲ್ಲಿಯವರು ಟಂಗ್ ವೇಟ್ ಅನ್ನುವುದು. ಟ್ರೇಲರಿನ ಒಟ್ಟು ತೂಕದಲ್ಲಿ ಸುಮಾರು ನೂರಕ್ಕೆ ಹತ್ತು ಭಾಗವಾದರೂ ಕಾರಿನ ಹಿಚ್, ಅಂದರೆ ಟ್ರೇಲರ್ ಸಿಕ್ಕಿಸುವ ಕೊಂಡಿಯ ಮೇಲೆ ಕೂತಿರಬೇಕು. ಸಾಮಾನೆಲ್ಲ ದೋಣಿಯ ಮುಂಭಾಗಕ್ಕೆ ಎಳೆದು, 50 ದಾಟದೆ ಹೋದೆವು. ಮತ್ತೆ ಅಲುಗಲಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದಾಗ ಇನ್ನೊಂದು ಗೊತ್ತಾಯಿತು. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕರ್ ಇರುತ್ತದೆ ನೋಡಿ, ಜನ ಮತ್ತು ಸಾಮಾನು ಸೇರಿ ಇಷ್ಟು ಮೀರಬಾರದು ಅಂತ. ನಮ್ಮದರಲ್ಲಿ 1,310 ಪೌಂಡ್. ಹಿಚ್ ಮೇಲಿನ ಭಾರವೂ ಇದರೊಳಗೇ ಬರಬೇಕು! ಆರು ಜನ 820, ಸಾಮಾನು 200, ಹಿಚ್ ಮೇಲೆ 340. ಒಟ್ಟು 1,360. ಅಂದರೆ ಸಾಮಾನು ಕಾರಲ್ಲೇ ಇಟ್ಟಿದ್ದರೂ ತಪ್ಪೇ. ದೊಡ್ಡ ಸಂಸಾರ ಕೂರಿಸಿಕೊಂಡು ಹೋಗುವವರಿಗೆ 5,000 ಅನ್ನುವ ಸಂಖ್ಯೆಗಿಂತ ಈ ಸ್ಟಿಕರ್ ಮುಖ್ಯ, ದಯವಿಟ್ಟು ಓದಿ. ಅನುಮಾನ ಇದ್ದರೆ ಟ್ರಕ್ ಸ್ಟಾಪ್‌ಗಳಲ್ಲಿ ಲಾರಿ ತೂಗುವ ತಕ್ಕಡಿ ಇರುತ್ತದೆ, ಸ್ವಲ್ಪ ದುಡ್ಡು ಕೊಟ್ಟರೆ ಒಂದೊಂದು ಆಕ್ಸಲ್ ಮೇಲೆ ಎಷ್ಟು ಭಾರ ಅಂತ ಬರೆದು ಕೊಡುತ್ತಾರೆ. ಈಗ ಅಪ್ಪ ಅಮ್ಮ ನಮ್ಮ ಭಾವನ ಕಾರಲ್ಲಿ ಬರುತ್ತಾರೆ.

ಉಳಿದದ್ದು ಬೇಗ ಹೇಳುತ್ತೇನೆ. ಟ್ರೇಲರಿನ ಮೂತಿಯಲ್ಲಿರುವ ಬಟ್ಟಲು ಕಪ್ಲರ್, ಅದು ಕೂರುವ ಹಿಚ್ ಮೇಲಿನ ಉಕ್ಕಿನ ಗುಂಡು ಬಾಲ್. ಎರಡು ಇಂಚಿನ ಕಪ್ಲರ್ 1⅞ ಇಂಚಿನ ಬಾಲ್ ಮೇಲೂ ಕೂತ ಹಾಗೆ ಕಾಣುತ್ತದೆ, ಗುಂಡಿ ಸಿಕ್ಕಾಗ ಕಳಚಿಕೊಳ್ಳಬಹುದು. ಅಳತೆ ಎರಡರ ಮೇಲೂ ಕೆತ್ತಿರುತ್ತದೆ. ಲಾಕ್ ಹಾಕಿದ ಮೇಲೆ ಜಾಕ್‌ನಿಂದ ಎತ್ತಿ ನೋಡಿ, ಕಾರಿನ ಹಿಂಭಾಗವೂ ಜೊತೆಗೆ ಏಳಬೇಕು. ಸರಪಳಿ ಎರಡನ್ನೂ ಕೆಳಗೆ ಅಡ್ಡಡ್ಡ ಹಾಕಿ, ಟ್ರೇಲರ್ ಕಳಚಿದರೂ ಮೂತಿ ರಸ್ತೆಗೆ ಬೀಳದೆ ಅದರ ಮೇಲೆ ನಿಲ್ಲುತ್ತದೆ. ಮಿನ್ನೆಸೋಟಾದಲ್ಲಿ 3,000 ಪೌಂಡ್ ಮುಟ್ಟಿದ ಟ್ರೇಲರಿಗೆ ಅದರದೇ ಬ್ರೇಕ್ ಕಡ್ಡಾಯ. ಇನ್ನು ದಾರಿಯಲ್ಲಿ ನಿಂತಾಗಲೆಲ್ಲ ಟ್ರೇಲರ್ ಚಕ್ರದ ನಡುವಿನ ಹಬ್ ಹತ್ತಿರ ಕೈ ಹಿಡಿದು ನೋಡಿ. ಅದರೊಳಗಿನ ಬಿಸಿಯಾದ ಬೇರಿಂಗ್ ದೋಣಿ ಇಳಿಸುವಾಗ ತಣ್ಣೀರಿಗೆ ಇಳಿದರೆ ನೀರು ಒಳಗೆ ಎಳೆದುಕೊಳ್ಳುತ್ತದೆ, ಗ್ರೀಸ್ ಕೆಟ್ಟು ಒಂದು ದಿನ ಹೈವೇಯಲ್ಲೇ ಕೈಕೊಡುತ್ತದೆ.

ದೋಣಿಯ ತಳದ ಬಿರಡೆ ರಸ್ತೆಯಲ್ಲಿ ತೆಗೆದೇ ಇರಬೇಕು, ಇಲ್ಲಿ ಅದು ಕಾನೂನು. ಒಂದು ಕೆರೆಯ ಜೀಬ್ರಾ ಮಸಲ್ ಅನ್ನುವ ಚಿಪ್ಪುಹುಳ ಉಳಿದ ನೀರಲ್ಲಿ ಕೂತು ಇನ್ನೊಂದು ಕೆರೆಗೆ ಹೋಗಬಾರದು ಅಂತ. ನೀರಿಗೆ ಇಳಿಸುವ ಮುಂಚೆ ಬಿರಡೆ ವಾಪಸ್ ಹಾಕುವುದು ಮಗಳ ಕೆಲಸ. "ಹಾಕಿದೆ ಅಪ್ಪಾ" ಅಂತ ಅವಳು ಪಕ್ಕಕ್ಕೆ ಬಂದು ನಿಂತು ಕೂಗುವವರೆಗೂ ನಾನು ರಿವರ್ಸ್ ಗೇರ್ ಮುಟ್ಟಲ್ಲ.