ಖಾಲಿ ಬಿದ್ದಿದ್ದ ಆ ಇನ್ನೊಂದು ರ‍್ಯಾಮ್ ಸ್ಲಾಟು

ಹೋದ ತಿಂಗಳು ಹಾಸನಕ್ಕೆ ಅಕ್ಕನ ಮನೆಗೆ ಹೋಗಿದ್ದೆ, ಚಪ್ಪಲಿ ಬಿಡೋ ಮುಂಚೇನೇ ಅವಳ ಮಗ ಹಿಡ್ಕೊಂಡ, "ಮಾಮ, ಗೇಮ್ ಆಡಕ್ಕೇ ಆಗ್ತಿಲ್ಲ, ಒಂದು ಗ್ರಾಫಿಕ್ಸ್ ಕಾರ್ಡ್ ಹಾಕ್ಸ್ಕೊಡಿ" ಅಂತ. ಆ ಕಂಪ್ಯೂಟರ್ ಜೋಡಿಸಿಕೊಟ್ಟಿದ್ದೂ ನಾನೇ, 2019ರಲ್ಲಿ. ಎಎಂಡಿ ಕಂಪನಿಯ ರೈಜನ್ 3 2200ಜಿ, ಅಂದ್ರೆ ಪ್ರೊಸೆಸರ್ ಒಳಗೇ ವೇಗಾ 8 ಗ್ರಾಫಿಕ್ಸ್ ಇರೋದು, ಬೇರೆ ಕಾರ್ಡ್ ಬೇಡ, ಮಾನಿಟರ್ ಕೇಬಲ್ ಸೀದಾ ಮದರ್‌ಬೋರ್ಡಿಗೆ ಚುಚ್ಚಿದ್ರೆ ಆಯ್ತು.

ಸೈಡ್ ಪ್ಯಾನೆಲ್ ಬಿಚ್ಚಿದೆ. ಧೂಳು ಒರೆಸಿ ನೋಡಿದ್ರೆ 8 ಜಿಬಿಯ ಒಂದೇ ಒಂದು ರ‍್ಯಾಮ್ ಸ್ಟಿಕ್ಕು, ಪಕ್ಕದ ಸ್ಲಾಟು ಖಾಲಿ. ಅವತ್ತು ಬೆಂಗ್ಳೂರಿನ ಎಸ್‌ಪಿ ರೋಡಲ್ಲಿ ತಗೊಳ್ಳುವಾಗ "ಸದ್ಯಕ್ಕೆ ಒಂದು ಸಾಕು, ಮುಂದೆ ನೋಡಣ" ಅಂದಿದ್ದು ನಾನು, ಆ "ಮುಂದೆ" ಬರ್ಲೇ ಇಲ್ಲ, ಪಾಪ ಆ ಹುಡುಗ ಇಷ್ಟು ವರ್ಷ ಅರ್ಧ ಕಂಪ್ಯೂಟರಲ್ಲೇ ಆಡ್ತಿದ್ದ.

ಅರ್ಧ ಅಂತ ಯಾಕಂದೆ ಅಂದ್ರೆ, ಕಾರ್ಡ್ ರೂಪದಲ್ಲಿ ಬರೋ ಗ್ರಾಫಿಕ್ಸಿಗೆ ಅದರದ್ದೇ ಮೆಮೊರಿ ಇರುತ್ತೆ, ಜಿಟಿಎಕ್ಸ್ 1050 ತರದ ಸಾಧಾರಣ ಕಾರ್ಡಿಗೂ ಸೆಕೆಂಡಿಗೆ 112 ಜಿಬಿ ಡೇಟಾ ಓಡಾಡೋ ದಾರಿ ಇದೆ. ಪ್ರೊಸೆಸರ್ ಒಳಗೇ ಇರೋ ಇಂಟಿಗ್ರೇಟೆಡ್ ಗ್ರಾಫಿಕ್ಸಿಗೆ ಅದ್ಯಾವುದೂ ಇಲ್ಲ, ಸಿಪಿಯು, ಅಂದ್ರೆ ಪ್ರೊಸೆಸರಿನ ಮುಖ್ಯ ಲೆಕ್ಕ ಮಾಡೋ ಭಾಗ, ಬಳಸೋ ರ‍್ಯಾಮನ್ನೇ ಅದೂ ಬಳಸ್ಬೇಕು. ಬೀದಿಲಿ ಒಂದೇ ನಲ್ಲಿ, ಎರಡು ಮನೆಯವರ ಕೊಡ. ಡಿಡಿಆರ್4 2400 ಅನ್ನೋ ನಮೂನೆ ಸ್ಟಿಕ್ ಒಂದೇ ಹಾಕಿದ್ರೆ ಸೆಕೆಂಡಿಗೆ ಹೆಚ್ಚಂದ್ರೆ 19.2 ಜಿಬಿ, ಅದರಲ್ಲೇ ಇಬ್ಬರೂ ಹಂಚ್ಕೋಬೇಕು. ಎರಡು ಸ್ಟಿಕ್ ಹಾಕಿದ್ರೆ ಎರಡು ಚಾನೆಲ್ಲೂ, ಅಂದ್ರೆ ಡೇಟಾ ದಾರಿಯೂ, ತೆರ್ಕೊಂಡು 38.4 ಆಗುತ್ತೆ. ವೇಗಾ 8ರಲ್ಲಿ 512 ಶೇಡರ್, ಅಂದ್ರೆ ಚಿತ್ರದ ಲೆಕ್ಕ ಮಾಡೋ ಪುಟ್ಟ ಘಟಕಗಳು, ಇವೆ, ಲೆಕ್ಕ ಮಾಡೋ ಶಕ್ತಿಗೆ ಕೊರತೆ ಇಲ್ಲ, ಆದ್ರೆ ಡೇಟಾ ಬರದೇ ಸುಮ್ನೆ ಕೂತಿರ್ತವೆ. ಸಿಪಿಯು ಪಕ್ಕದಲ್ಲಿರೋ ಎಲ್3 ಕ್ಯಾಶ್ ಅನ್ನೋ ಪುಟ್ಟ ವೇಗದ ಮೆಮೊರಿನೂ ಆ ವೇಗಾ ಕೈಗೆ ಸಿಗಲ್ಲ. ಇಂಟೆಲ್‌ನೋರು 2011ರ ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರಲ್ಲಿ ಗ್ರಾಫಿಕ್ಸನ್ನ ಸಿಪಿಯು ಇರೋ ಅದೇ ಸಿಲಿಕಾನ್ ತುಂಡಿಗೆ ತಂದಾಗ ರಿಂಗ್ ಬಸ್ ಅನ್ನೋ ಒಳದಾರಿ ಹಾಕಿ ಎಲ್3ನ ಇಬ್ಬರಿಗೂ ಕೊಟ್ಟಿದ್ರು, ಅದು ಒಳ್ಳೆ ಯೋಚನೆ ಅಂತ ನಂಗೆ ಈಗ್ಲೂ ಅನ್ಸುತ್ತೆ.

ಅದಕ್ಕೂ ಮುಂಚೆ ಗ್ರಾಫಿಕ್ಸ್ ಇರ್ತಿದ್ದಿದ್ದು ಮದರ್‌ಬೋರ್ಡ್ ಮೇಲಿನ ನಾರ್ತ್‌ಬ್ರಿಡ್ಜ್ ಅನ್ನೋ ಬೇರೆ ಚಿಪ್ಪಲ್ಲಿ. ನಮ್ಮನೆಗೆ ಬಂದ ಮೊದಲನೇ ಕಂಪ್ಯೂಟರು ಇಂಟೆಲ್ 945 ಬೋರ್ಡಿಂದು, ಗ್ರಾಫಿಕ್ಸ್ ಜಿಎಂಎ 950. ಅದ್ರಲ್ಲಿ ವರ್ಟೆಕ್ಸ್, ಅಂದ್ರೆ 3ಡಿ ಆಕಾರದ ಮೂಲೆಗಳ, ಲೆಕ್ಕ ಮಾಡೋ ಹಾರ್ಡ್‌ವೇರೇ ಇರ್ಲಿಲ್ಲ, ಆ ಕೆಲಸ ಎಲ್ಲ ಸಿಪಿಯು ತಲೆ ಮೇಲೆ, ಹಂಗಾಗಿ ಎಷ್ಟೋ ಗೇಮು ಶುರೂನೇ ಆಗ್ತಿರ್ಲಿಲ್ಲ. ಆಮೇಲೆ ಇಂಟೆಲಿನ 2010ರ ಕ್ಲಾರ್ಕ್‌ಡೇಲಲ್ಲಿ ಸಿಪಿಯು ಒಂದು ತುಂಡು, ಗ್ರಾಫಿಕ್ಸ್ ಇನ್ನೊಂದು ತುಂಡು, ಎರಡನ್ನೂ ಒಂದೇ ಪ್ಯಾಕೇಜಲ್ಲಿ ಕೂರ್ಸಿದ್ರು. ಮುಂದಿನ ವರ್ಷ ಎರಡೂ ಒಂದಾದ್ವು. ಗ್ರಾಫಿಕ್ಸ್ ಕಂಪನಿ ಎಟಿಐನ 2006ರಲ್ಲೇ ಕೊಂಡ್ಕೊಂಡಿದ್ದ ಎಎಂಡಿನೂ ಅದೇ 2011ರಲ್ಲಿ ಲಾನೋ ಅನ್ನೋ ಅಂಥದ್ದೇ ಚಿಪ್ ತಂತು.

ನಂಗೆ ತುಂಬಾ ಇಷ್ಟ ಆಗೋದು ಮಾತ್ರ ಇಂಟೆಲಿನ 2015ರ ಐ7 5775ಸಿ. ಈ ನಲ್ಲಿ ಜಗಳಕ್ಕೆ ನೇರವಾಗಿ ಕೈ ಹಾಕಿದ ಚಿಪ್ ಅದು, ಪ್ಯಾಕೇಜ್ ಒಳಗೇ 128 ಎಂಬಿಯ ವೇಗದ ಮೆಮೊರಿ, ಇಡಿರ‍್ಯಾಮ್ ಇಟ್ಟು ಗ್ರಾಫಿಕ್ಸಿಗೆ ಪಕ್ಕದಲ್ಲೇ ತೊಟ್ಟಿ ಕಟ್ಟಿಕೊಟ್ಟಂಗೆ. ಆದ್ರೆ ಎರಡು ತಿಂಗಳಿಗೇ ಇಂಟೆಲಿನದೇ ಮುಂದಿನ ಪೀಳಿಗೆ ಸ್ಕೈಲೇಕ್ ಬಂತು, ಚಿಪ್ ಕೂರೋ ಸಾಕೆಟ್ಟೂ ಬದಲಾಯ್ತು, ಇದನ್ನ ಕೇಳೋರು ಕಮ್ಮಿ ಆದ್ರು. ಆ ದಾರಿ ಡೆಸ್ಕ್‌ಟಾಪಲ್ಲಿ ಮುಂದುವರೀಲಿಲ್ವಲ್ಲ ಅಂತ ಇವತ್ತಿಗೂ ಸಂಕಟ ಆಗುತ್ತೆ. ಎಎಂಡಿಯ 2024ರ 8700ಜಿಲಿ ಗ್ರಾಫಿಕ್ಸ್ ವಿನ್ಯಾಸವಾದ ಆರ್‌ಡಿಎನ್ಎ 3ರ 12 ಕಂಪ್ಯೂಟ್ ಯೂನಿಟ್, ಅಂದ್ರೆ ಶೇಡರ್‌ಗಳ ಗುಂಪು, ಇದೆ, ಆದ್ರೂ ಅದು ಬಾಯಾರಿ ಕೂರೋದು ಅದೇ ಎರಡು ಚಾನೆಲ್ ರ‍್ಯಾಮ್ ಮುಂದೆ, ಡಿಡಿಆರ್5 ಅಂತ ಇನ್ನೂ ಜೋರಾಗಿ ಬರುತ್ತೆ ಅಷ್ಟೇ.

ಸರಿ, ಹಾಸನದ ಕಥೆಗೆ ಬರ್ತೀನಿ. ಬೆಂಗ್ಳೂರಿಗೆ ವಾಪಸ್ ಬಂದು ಅದೇ ಸ್ಪೀಡಿನ ಇನ್ನೊಂದು 8 ಜಿಬಿ ಸ್ಟಿಕ್ ಹುಡುಕಿ, ಮುಂದಿನ ಭಾನುವಾರ ತಗೊಂಡ್ಹೋದೆ. ಸ್ಟಿಕ್ಕಿನ ಕಚ್ಚು ಸ್ಲಾಟಿನ ಗೆರೆಗೆ ಸರಿ ಹೊಂದ್ಸಿ, ಎರಡೂ ಕಡೆ ಹೆಬ್ಬೆರಳಲ್ಲಿ ಒತ್ತು ಅಂತ ಅವನ ಕೈಲೇ ಹಾಕ್ಸಿದೆ, ಟಕ್ ಅಂತ ಲಾಕ್ ಕೂತಾಗ ಹೆದರಿ ಕೈ ತೆಗ್ದ, ಮುರ್ದೇ ಹೋಯ್ತು ಅಂದ್ಕೊಂಡ. ಬಯಾಸಲ್ಲಿ, ಅಂದ್ರೆ ಬೋರ್ಡಿನ ಮೂಲ ಸೆಟ್ಟಿಂಗಲ್ಲಿ, ಗ್ರಾಫಿಕ್ಸಿಗೆ 2 ಜಿಬಿ ಎತ್ತಿಟ್ವಿ, 16ರಲ್ಲಿ 2 ಹೋದ್ರೆ ಏನೂ ಗೊತ್ತಾಗಲ್ಲ, 8ರಲ್ಲಿ ಹೋಗಿದ್ರೆ ಕ್ರೋಮೇ ಒದ್ದಾಡ್ತಿತ್ತು. ಕಂಪ್ಯೂಟರ್ ಒಳಗೆ ಏನಿದೆ ಅಂತ ತೋರ್ಸೋ ಸಿಪಿಯು-ಝಡ್ ಸಾಫ್ಟ್‌ವೇರ್ ತೆಗೆದ್ರೆ ಚಾನೆಲ್ ಅನ್ನೋ ಜಾಗದಲ್ಲಿ ಎರಡು ಅಂತ ಬಂತು.

ಗೇಮ್ ಅದೇ, ಸೆಟ್ಟಿಂಗೂ ಅದೇ, ಮೊದ್ಲು ಸೆಕೆಂಡಿಗೆ 40 ಫ್ರೇಮ್ ಹತ್ರ ಎಳೆದಾಡ್ತಿದ್ದಿದ್ದು ಈಗ 60ರ ಆಸುಪಾಸು. ಮುಖ್ಯವಾಗಿ ಗೇಮಲ್ಲಿ ಹೊಗೆ ಬಂದಾಗ ಸ್ಕ್ರೀನ್ ಗಕ್ಕನೆ ನಿಂತೋಗ್ತಿತ್ತಲ್ಲ, ಅದು ಹೋಯ್ತು. ಎರಡು ಮ್ಯಾಚ್ ಆಡಿ ಹೆಡ್‌ಫೋನ್ ತೆಗೆದು, "ಮಾಮ, ಕಾರ್ಡ್ ಹಾಕಿದ್ರಾ?" ಅಂತ ಕೇಳ್ದ. ಇಲ್ಲ ಕಣೋ, ನೀನೇ ಹಾಕಿದ್ಯಲ್ಲ, ಅಷ್ಟೇ ಅಂದೆ.